ನಾನು ಹಚ್ಚದ ಗಂಧಕ

ಶುಕ್ರವಾರ, ಊಟವಾದ ಮೇಲೆ
ಕಾಡಿನೊಳಗಿನ ಕ್ಯಾಂಪು

ಹೊಲಿಗೆ ಮೆಷಿನ್ನಿನ ಚಕ್ರವರ್ತಿನಿಯೂ, ನನ್ನನ್ನು ಹೆತ್ತ ತಪ್ಪಿಗೆ ಇಪ್ಪತ್ಮೂರು ವರ್ಷದಿಂದ ತಲೆ ಚಚ್ಚಿಕೊಳ್ಳುತ್ತಿರುವವಳೂ ಆದ ಅಮ್ಮನಿಗೆ ಸಾಷ್ಟಾಂಗ ನಮಸ್ಕಾರ.

ಇಲ್ಲಿ ನನ್ನ ಮೇಲೊಂದು ಆಪಾದನೆ ಬಂದಿದೆ ಅಂತ ಎರಡು ಸಾಲು ಗೀಚಿದ್ದಕ್ಕೆ ನಿನ್ನ ಕಾಗದ ಹದಿನೆಂಟು ದಿನದ ಹಿಂದೆಯೇ ತಲುಪಿತು. ಮೂರೂವರೆ ಪುಟ ಬೈಗುಳ, ಅರ್ಧ ಪುಟ ಬುದ್ಧಿವಾದ: ನಾನೇ ಮಾಡಿದ್ದು ಅಂತ ಒಪ್ಪಿಕೊಂಡು ಕೆಲಸ ಉಳಿಸಿಕೋ, ಬಗ್ಗಿದರೆ ಬೆನ್ನೇನೂ ಮುರಿಯಲ್ಲ ಅಂತ. ಅಂದರೆ ಹೆತ್ತ ತಾಯಿಯೇ ವಿಚಾರಣೆಯಿಲ್ಲದೆ ತೀರ್ಪು ಕೊಟ್ಟಾಯಿತು! ಇರಲಿ, ನಿನ್ನ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ. ಆದರೆ ನಿಜವಾದ ತೀರ್ಪು ನಿನ್ನೆ ಬಂದಿದೆ. ಮೊದಲು ಆಪಾದನೆಯನ್ನು ಓದಿ ಹೇಳುತ್ತೇನೆ, ಸಭಿಕರು ಶಾಂತವಾಗಿರಬೇಕು.

ಪಕ್ಕದ ಮನೆಯವರ ಮುಂದೆ ನೀನು ವಿಜ್ಞಾನಿ ಅಂತ ಹೇಳಿಕೊಳ್ಳುವ ನಿನ್ನ ಮಗಳ ಅಸಲು ಕೆಲಸ ಇಷ್ಟು. ಮರಗಳ ತಲೆಗಿಂತ ಎತ್ತರದ ಗೋಪುರದ ನಾನೂರ ಹನ್ನೆರಡು ಮೆಟ್ಟಿಲು ಹತ್ತುವುದು. ತುದಿಯಲ್ಲಿರುವ ಪಂಪಿಗೆ ಲೋಟದ ಬಾಯಿಯಷ್ಟಗಲದ ಬಿಳಿ ಫಿಲ್ಟರ್ ಹಾಕಿ ಇಳಿಯುವುದು. ಪಂಪು ಮೂರು ದಿನ ಗಾಳಿ ಎಳೆಯುತ್ತದೆ, ಗಾಳಿಯಲ್ಲಿದ್ದದ್ದು ಫಿಲ್ಟರಿಗೆ ಅಂಟುತ್ತದೆ. ಆಮೇಲೆ ಅದನ್ನು ತಂದು ಎರಡು ಹೋಳು ಮಾಡುತ್ತೇವೆ. ಒಂದರಲ್ಲಿ ಗಂಧಕ ಎಷ್ಟಿದೆ ಅಂತ ಇಲ್ಲೇ ನೋಡುತ್ತೇವೆ, ಇನ್ನೊಂದು ಫ್ರೀಜರಿನಲ್ಲಿ ತಣ್ಣಗೆ ಮಲಗುತ್ತದೆ.

ಮಳೆಗಾಲದಲ್ಲಿ ಈ ಕಾಡಿನ ಗಾಳಿಯಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಹೋದ ತಿಂಗಳು ಮಾತ್ರ ಒಂದರ ಹಿಂದೊಂದು ಎರಡು ಫಿಲ್ಟರಿನಲ್ಲಿ, ಅಂದರೆ ಆರು ದಿನದ ಗಾಳಿಯಲ್ಲಿ, ಎಂದಿನ ಒಂಬತ್ತು ಪಟ್ಟು! ನಿಮಿಷ ನಿಮಿಷದ ಲೆಕ್ಕ ಕೊಡುವ ಇನ್ನೊಂದು ಯಂತ್ರವಿದೆ. ಅದನ್ನು ನಮ್ಮ ಮೆಕ್ಯಾನಿಕ್ ಅಣ್ಣ ಅದೇ ವಾರ ಬಿಚ್ಚಿ, ಕರುಳೆಲ್ಲ ಮೇಜಿನ ಮೇಲೆ ಹರಡಿಕೊಂಡಿದ್ದ. ಹಾಗಾಗಿ ನನ್ನ ಪರ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ.

ನನ್ನ ಮೇಲೇ ಯಾಕೆ ಅನುಮಾನ ಅಂತೀಯಾ? ಹೋದ ವರ್ಷ ಗಾಳಿ ಎಳೆಯುವ ಕೊಳವೆಯ ಬಾಯಲ್ಲಿ ಒಂದು ಬೆಂಕಿಪೊಟ್ಟಣ ಪೂರ್ತಿ ಗೀಚಿದ್ದೆ, ಕಡ್ಡಿಯ ತಲೆಯಲ್ಲೂ ಗಂಧಕ ಇರುತ್ತದಲ್ಲ. ನಮ್ಮ ಮುಖ್ಯಸ್ಥರು (ಬೆನ್ನ ಹಿಂದೆ ಗಾಳಿಯಪ್ಪ) ಮಹತ್ತರ ಸಂಶೋಧನೆಯಾಯಿತೆಂದು ಮೂರು ಗಂಟೆ ಕುಣಿದಾಡಿದ್ದರು, ಇಬ್ಬರು ಪ್ರೊಫೆಸರರಿಗೆ ಫೋನನ್ನೂ ಮಾಡಿದ್ದರು. ಅಂದಿನಿಂದ ಗಂಧಕ ಅಂದರೆ ನಾನು, ನಾನು ಅಂದರೆ ಗಂಧಕ.

ಈ ಸಲ ಅವರು ಕೂಗಾಡಲಿಲ್ಲ, ಅಮ್ಮ. ಅದೇ ತಡೆಯಲಾಗಲಿಲ್ಲ. ಸಾಮಾನಿನ ಕೋಣೆಯಲ್ಲಿ ಡ್ರಮ್ಮಿನ ಮೇಲೆ ಕೂರಿಸಿ, ಮಗೂ, ತಪ್ಪೊಪ್ಪಿಕೊಂಡು ಬರೆದುಕೊಡು, ಆ ಆರು ದಿನದ ದಾಖಲೆಗೆ ಕೆಂಪು ಗೆರೆ ಎಳೆದು ಮರೆತುಬಿಡೋಣ ಅಂದರು. ಬರೆಯಲ್ಲ ಅಂದರೆ ಎರಡು ವಾರ ಬಿಟ್ಟು ಬರುವ ಸೋಮವಾರದ ಜೀಪಿಗೆ ಗಂಟುಮೂಟೆ ಕಟ್ಟು, ಸುಳ್ಳು ಹೇಳೋರನ್ನ ನಾನು ಗೋಪುರ ಹತ್ತಿಸಲ್ಲ ಅಂದರು.

ವಿಧಿಯ ಲೀಲೆ ನೋಡು. ಜೀವಮಾನದಲ್ಲಿ ಮೊದಲ ಸಲ ಏನೂ ಮಾಡದೆ ಸಿಕ್ಕಿಬಿದ್ದಿದ್ದೆ! ಅಷ್ಟರಲ್ಲಿ ಮೆಕ್ಯಾನಿಕ್ ಅಣ್ಣನ ರೇಡಿಯೋದಲ್ಲಿ ಸುದ್ದಿ ಬಂತು: ಸಮುದ್ರದಾಚೆ ಒಂದು ಜ್ವಾಲಾಮುಖಿ ಬಾಯಿಬಿಟ್ಟು ವಾರಗಳೇ ಆದವು, ಇನ್ನೂ ಉಗುಳುತ್ತಿದೆ ಅಂತ. ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟೆ. ಈ ಕಾಲದಲ್ಲಿ ನಮಗೆ ಗಾಳಿ ಬೀಸುವುದೇ ಆ ದಿಕ್ಕಿನಿಂದ. ಓಡಿಹೋಗಿ ಹೇಳಿದರೆ ಗಾಳಿಯಪ್ಪ, ಹೋದ ಸಲ ಬೆಂಕಿಪೊಟ್ಟಣ, ಈ ಸಲ ಇಡೀ ಬೆಟ್ಟ, ನಿನ್ನ ಪ್ರಗತಿ ಮೆಚ್ಚಬೇಕಾದ್ದೇ ಅಂದರು. ಫ್ರೀಜರಿನ ಹೋಳುಗಳನ್ನಾದರೂ ನಗರದ ಲ್ಯಾಬಿಗೆ ಕಳಿಸಿ ಅಂತ ಗೋಗರೆದೆ. ನಿನ್ನ ಬೆಂಕಿಕಡ್ಡಿಯ ಪುಡಿ ನೋಡೋಕೆ ಅವರಿಗೆ ಪುರುಸೊತ್ತಿಲ್ಲ ಅಂದರು.

ಆದರೂ ನಾನು ಬಂಡೆಯ ಹಾಗೆ ನಿಂತೆ. ನನ್ನ ಮರ್ಯಾದೆಯ ಮಾತು ಬಿಡು, ಅದು ಮೊದಲೂ ಅಷ್ಟೊಂದು ಇರಲಿಲ್ಲ. ಆದರೆ ಸಮುದ್ರ ದಾಟಿ ಬಂದ ಹೊಗೆಯನ್ನು ನನ್ನ ತುಂಟತನ ಅಂತ ಬರೆದಿಟ್ಟರೆ, ನಾಳೆ ಆ ದಾಖಲೆ ತೆರೆದವರಿಗೆ ಆ ಗಾಳಿ ಬಂದೇ ಇರಲಿಲ್ಲ ಅಂತಾಗುತ್ತದೆ. ನಾನೂರ ಹನ್ನೆರಡು ಮೆಟ್ಟಿಲು ಹತ್ತಿ ತಂದವಳು ನಾನು, ಅಳಿಸುವವಳೂ ನಾನೇ ಆಗಬೇಕೇ?

ಗಡುವಿನ ಸೋಮವಾರ ಜೀಪು ಬಂತು. ಹತ್ತಿದ್ದು ನಾನಲ್ಲ, ಫ್ರೀಜರಿನ ಎರಡು ಹೋಳುಗಳು. ಗಾಳಿಯಪ್ಪ ಯಾಕೋ ಮನಸ್ಸು ಬದಲಾಯಿಸಿದ್ದರು. ಯಾಕೆ ಅಂತ ಕೇಳಬೇಡ, ದೊಡ್ಡವರ ಮನಸ್ಸು ನಮಗೇನು ಗೊತ್ತಾಗುತ್ತದೆ.

ನಿನ್ನೆ ಲ್ಯಾಬಿನ ಮೇಡಂ ಫೋನು ಮಾಡಿದರು. ಗಂಧಕ ಬೇಕಾದಷ್ಟಿದೆ, ಮಸಿ ಮಾತ್ರ ಇಲ್ಲ, ಪೊಟ್ಯಾಸಿಯಮ್ಮೂ ಎಂದಿನಷ್ಟೇ ಅಂದರು. ಬೆಂಕಿಕಡ್ಡಿ ಗೀಚಿದ್ದರೆ ಮೂರೂ ಜೊತೆಯಾಗಿ ಸಿಗಬೇಕಿತ್ತು, ಇದು ಬೆಟ್ಟದ್ದೇ ಇರಬೇಕು, ಗಾಳಿಯ ದಾರಿ ನೋಡಿ ಅಂದರು. ಗಾಳಿಯಪ್ಪ ಆ ಆರು ದಿನದ ಗಾಳಿಯ ಜಾಡನ್ನು ಹಿಂದಕ್ಕೆ ಎಳೆಯುತ್ತ ಹೋದರು. ಪೆನ್ಸಿಲ್ ಗೆರೆ ಕಾಡು ದಾಟಿತು, ಕರಾವಳಿ ದಾಟಿತು, ಹತ್ತು ಹನ್ನೆರಡು ದಿನದ ಸಮುದ್ರ ದಾಟಿತು, ಆ ಬೆಟ್ಟದ ನಾಡಿನಲ್ಲಿ ನಿಂತಿತು. ಅವರ ಕಣ್ಣು ನೋಡಬೇಕಿತ್ತು! ಮೋಡದ ಹನಿ ಕಟ್ಟಲು ಒಂದು ಕಣ ಬೇಕಂತೆ, ಗಂಧಕದ ಹೊಗೆ ಬರುವ ದಾರಿಯಲ್ಲಿ ಅಂಥ ಕಣಗಳಾಗುತ್ತವಂತೆ. ಆ ಆರು ದಿನ ನಮ್ಮ ಮೋಡಗಳಲ್ಲಿ ಹನಿಗಳ ಸಂಖ್ಯೆ ಹೆಚ್ಚಿ, ಗಾತ್ರ ಕುಗ್ಗಿದ್ದಿರಬಹುದು ಅಂತ ಒಂದೇ ಉಸಿರಿನಲ್ಲಿ ಪಾಠ ಮಾಡಿದರು. ನಾವಿಲ್ಲಿ ಒಲೆ ಹಚ್ಚದೆ ಕೂತಿದ್ದರೆ, ನಮ್ಮ ಮೋಡಕ್ಕೆ ಬೇರೆ ಯಾರೋ ಒಗ್ಗರಣೆ ಹಾಕಿದ ಹಾಗೆ.

ಕೆಂಪು ಗೆರೆ ಬೀಳಲಿಲ್ಲ. ಗಾಳಿಯಪ್ಪ ಕ್ಷಮೆಯನ್ನೂ ಕೇಳಲಿಲ್ಲ. ನನ್ನ ಲೋಟಕ್ಕೆ ತಾವೇ ಟೀ ಬಗ್ಗಿಸಿ, ನಾಳೆಯ ಫಿಲ್ಟರ್ ನೀನೇ ಹಾಕು ಅಂದರು.

ಇಂತಿ,
ದೋಷಮುಕ್ತಳಾದ, ಎಂದೂ ತಲೆಬಾಗದ,
ನಿನ್ನ ಮಗಳು

ತಾ.ಕ.: ಬಂಡೆ ಅಂತ ಬರೆದೆನಲ್ಲ, ಅದನ್ನು ಹೊಡೆದುಹಾಕು. ನಿನ್ನ ಕಾಗದವನ್ನು ಐದು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ಜೀಪು ಬರುವ ಮುಂಚಿನ ಶನಿವಾರ ನೀನು ಹೇಳಿದ ಹಾಗೇ ಮಾಡಿದೆ. ‘ನಾನೇ ಮಾಡಿದ್ದು, ಕ್ಷಮಿಸಿ’ ಅಂತ ಬರೆದು ಸಹಿ ಹಾಕಿ ಕೊಟ್ಟೆ. ಗಾಳಿಯಪ್ಪ ಹಾಳೆ ತಿರುಗಿಸಿ ಹಿಂಬದಿ ನೋಡಿದರು. ಇಷ್ಟೇನಾ ಅಂದರು. ಹೋದ ವರ್ಷ ನಾಲ್ಕು ಪುಟ ಬರೆದು, ಸತ್ತ ಬೆಂಕಿಕಡ್ಡಿಗಳಿಗೆ ಶ್ರದ್ಧಾಂಜಲಿ ಬೇರೆ ಸಲ್ಲಿಸಿದ್ದೆಯಲ್ಲಮ್ಮಾ, ಇದರಲ್ಲಿ ನಗು ಬರೋ ಒಂದಕ್ಷರವೂ ಇಲ್ಲ, ಇದು ನೀನು ಮಾಡಿದ್ದಲ್ಲ ಅಂದರು. ಹಾಳೆಯನ್ನು ಹರಿದು ನನ್ನ ಕೈಗೇ ಕೊಟ್ಟು, ಫ್ರೀಜರಿನ ಕೀಲಿ ಹುಡುಕಲು ಹೋದರು. ಡ್ರಮ್ಮಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಇಷ್ಟನ್ನು ಪಕ್ಕದ ಮನೆಯವರಿಗೆ ಹೇಳಬೇಡ.