ಒಣ ಪೊರಕೆ

ಗುಬ್ಬೀ,

ನೀನು ಕಣ್ಣು ಬಿಟ್ಟ ಮೇಲೆ ಇದನ್ನು ಓದಿ ಹೇಳುತ್ತೇನೆಂದು ನರ್ಸಮ್ಮ ಮಾತು ಕೊಟ್ಟಿದ್ದಾಳೆ. ಗಾಜಿನಾಚೆ ನೀನು, ಈಚೆ ನಾನು. ಹುಟ್ಟಿದಾಗಿನಿಂದ ಮುಚ್ಚದ ಬಾಯಿ ನಿನ್ನದು, ಅದಕ್ಕೀಗ ಕೊಳವೆ ಹಾಕಿದ್ದಾರೆ.

ನಮ್ಮ ನಾಟಕದ ಉಡುಪಿನ ಬಾಡಿಗೆ ಅಂಗಡಿಯಲ್ಲಿ ನನ್ನದೊಂದು ಶಾಸನವಿದೆಯಲ್ಲ, ಉಗ್ರಾಣದಲ್ಲಿ ಹನಿ ನೀರೂ ಬೀಳಕೂಡದು, ಕಿಟಕಿ ತೆರೆಯಕೂಡದು. ಮಖಮಲ್ಲಿಗೆ ತೇವ ತಾಗಿದರೆ ಕಲೆ, ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬಹಳ ದಿನದಿಂದ ಬೀಗ ಹಾಕಿದ್ದ ಹಿಂದಿನ ಕೋಣೆ ತೆರೆದಾಗ, ರಾಜನ ನಿಲುವಂಗಿಯ ತೋಳಿನಿಂದ ಇಲಿಹಿಕ್ಕೆ ಕರಿ ಎಳ್ಳಿನ ಹಾಗೆ ಉದುರಿತು. "ಅಕ್ಕಾ, ನೀರು ಚಿಮುಕಿಸಿ ಗುಡಿಸ್ತೀನಿ ಕಣೇ, ಘಾಟು ಮೂಗಿಗೆ ಹೊಡೀತಿದೆ" ಅಂದೆ ನೀನು. "ಮಖಮಲ್ಲು ಹಾಳಾದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?" ಎಂದು ಗದರಿದೆ ನಾನು. ನಮ್ಮಿಬ್ಬರಿಗೂ ಒಬ್ಬನೇ ಅಪ್ಪನಲ್ಲವೇನೇ ಎಂದು ನಗುತ್ತಾ ನೀನು ಒಣ ಪೊರಕೆ ಎತ್ತಿಕೊಂಡೆ. ಉಡುಪುಗಳನ್ನೆಲ್ಲ ಒಂದೊಂದಾಗಿ ಕೊಡವಿದೆ. ಹೊರಬಂದಾಗ ನಿನ್ನ ರೆಪ್ಪೆಯ ಮೇಲೂ ಧೂಳಿತ್ತು. ನಾನು ಮೊದಲು ನೋಡಿದ್ದು ನಿಲುವಂಗಿಯನ್ನು.

ಕೆಲವು ವಾರ ಕಳೆದು ನಿನಗೆ ಜ್ವರ, ಮೈಕೈ ನೋವು, ಆಮೇಲೆ ಏದುಸಿರು. "ಇಲಿ ಓಡಾಡೋ ಜಾಗದಲ್ಲಿ ಇವರೇನಾದ್ರೂ ಗುಡಿಸಿದ್ರಾ?" ಎಂದು ಡಾಕ್ಟರು ಕೇಳಿದರು. ನಿನ್ನನ್ನು ನೋಡಲು ಬಂದಿದ್ದ ನಾಟಕದ ಮೇಷ್ಟ್ರು, ನಮ್ಮ ಹಳೇ ಗಿರಾಕಿ, ಪಕ್ಕದಲ್ಲೇ ನಿಂತಿದ್ದರು. "ಛೆ ಛೆ, ನಮ್ಮಂಗಡೀಲಿ ಇಲಿನಾ?" ಅಂದುಬಿಟ್ಟೆ. ಅದು ಬೆಳಿಗ್ಗೆ. ಮಧ್ಯಾಹ್ನ ನಿನ್ನ ತುಟಿ ನೀಲಿಗಟ್ಟಿದ್ದು ಕಂಡು, ಓಡಿಹೋಗಿ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಇಲಿಯ ಹಿಕ್ಕೆ, ಉಚ್ಚೆ ಒಣಗಿ ಧೂಳಾದರೆ ಹಂಟಾ ಎಂಬ ವೈರಾಣು ಉಸಿರಿನೊಂದಿಗೆ ಒಳಗೆ ಹೋಗಬಹುದಂತೆ. ಕಿಟಕಿ ತೆರೆದು, ರೋಗಾಣು ಕೊಲ್ಲುವ ಮದ್ದಿನ ನೀರಿನಲ್ಲಿ ನೆನೆಸಿ ಒರೆಸಬೇಕಿತ್ತಂತೆ. "ಬೆಳಿಗ್ಗೇನೇ ಹೇಳಿದ್ರೆ ಒಳ್ಳೇದಿತ್ತಮ್ಮ" ಅಂದರು ಡಾಕ್ಟರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ಆ ಅರ್ಧ ದಿನವನ್ನು ನಿನ್ನಿಂದ ಕದ್ದವಳು ನಾನು, ಗುಬ್ಬಿ. ನಾಲ್ಕು ಜನ ಏನಂದಾರು ಎಂಬ ಹೆದರಿಕೆಗೆ ನಿನ್ನ ಉಸಿರು ಒತ್ತೆಯಿಟ್ಟೆ.

ಇವತ್ತು ಅಂಗಡಿಗೆ ಮದ್ದು ಹೊಡೆಯುವವರು ಬಂದಿದ್ದರು. ಬೀದಿಯವರೆಲ್ಲ ನೋಡುತ್ತಿದ್ದಂತೆ ಕಿಟಕಿಗಳನ್ನು ತೆರೆಸಿದೆ. ಮದ್ದಿನ ನೀರು ಬಿದ್ದು ರಾಜನ ನಿಲುವಂಗಿ ಬೆಳ್ಳಗೆ ಕಲೆಗಟ್ಟಿತು. ನನಗೆ ಏನೂ ಅನ್ನಿಸಲಿಲ್ಲ ಎಂದರೆ ಇನ್ನೊಂದು ಸುಳ್ಳಾದೀತು. ಎದೆ ಚುರ್ರೆಂದಿತು. ನೀನು ಹೀಗೆ ಮಲಗಿರುವಾಗಲೂ! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಏಳೇ. ಎದ್ದು ಮೊದಲು ನನ್ನನ್ನು ಬೈ, ಬಾಯಿ ನೋಯುವಷ್ಟು ಬೈ. ಅಂಗಡಿಯ ಕಿಟಕಿ ತೆರೆದೇ ಇದೆ, ಇನ್ನು ಮುಚ್ಚುವುದಿಲ್ಲ. ನನಗೆ ಬರೆದಿರುವ ಆಯಸ್ಸೂ ನಿನಗೇ ಸೇರಲಿ.

ಗಾಜಿನೀಚೆ ಬೈಗುಳಕ್ಕೆ ಕಾದು ಕೂತಿರುವ
ನಿನ್ನ ಅಕ್ಕ