ಅರವತ್ತಾರು ಪಾಲು, ಒಂದು ಸಹಿ

ಕಾಪು ಪಡು
ಆದಿತ್ಯವಾರ, ೧೧ ನವೆಂಬರ್ ೧೯೭೯

ಪ್ರೀತಿಯ ತಮ್ಮ ಕಿಟ್ಟನಿಗೆ ಅಣ್ಣ ಕೂಸಪ್ಪನ ಆಶೀರ್ವಾದಗಳು.

ನಿನ್ನ ಆರೋಗ್ಯ ಹೇಗುಂಟು? ಮಳೆಗಾಲದಲ್ಲಿ ಹಿಡಿದ ಕೆಮ್ಮು ಬಿಟ್ಟಿತೇ? ಬೊಂಬಾಯಿಯ ಕ್ಯಾಂಟೀನಿನಲ್ಲಿ ದಿನವಿಡೀ ಒಲೆಯ ಮುಂದೆ ನಿಂತು, ರಾತ್ರಿ ತಣ್ಣನೆಯ ನೆಲದ ಮೇಲೆ ಮಲಗುವವನಿಗೆ ಅದು ಬೇಗ ಬಿಡುವಂಥದ್ದಲ್ಲ. ನಿನ್ನ ಅಕ್ಕ ನಳಿನಾಕ್ಷಿ ಒಳ್ಳೆಮೆಣಸು, ಶುಂಠಿ ಕುಟ್ಟಿ ಪೊಟ್ಟಣ ಕಟ್ಟಿಟ್ಟಿದ್ದಾಳೆ. ಬೊಂಬಾಯಿಗೆ ಹೋಗುವವರು ಸಿಕ್ಕಿದರೆ ಕಳಿಸುತ್ತೇವೆ. ಅವಳೂ ಮಕ್ಕಳೂ ಸೌಖ್ಯ. ದೊಡ್ಡವಳು ಮಣಿಪಾಲಕ್ಕೆ ಟೈಪಿಂಗ್ ಕಲಿಯಲು ಹೋಗುತ್ತಿದ್ದಾಳೆ. ನಾನೂ ಸೌಖ್ಯವೇ. ನಿದ್ರೆ ಮಾತ್ರ ಕಡಿಮೆ.

ಇನ್‌ಕಮ್ ಟ್ಯಾಕ್ಸಿನ ವಿಷಯ ಹಿಂದೆ ಬರೆದಾಗ ನಿನಗೆ ಹೆದರಿಕೆಯಾಗುವುದು ಬೇಡವೆಂದು ಅರ್ಧ ಮಾತ್ರ ಬರೆದಿದ್ದೆ. ಈಗ ಪೂರ್ತಿ ಕೇಳು. ಎಪ್ಪತ್ತಾರರಲ್ಲಿ ನಮ್ಮ ರಂಪಣಿ ಬಲೆಗೆ ಬೂತಾಯಿ ಮೀನು ರಾಶಿ ರಾಶಿ ಬಿದ್ದ ವರ್ಷ ನಿನಗೆ ನೆನಪಿರಬೇಕು. ನೀನೂ ಹಗ್ಗ ಹಿಡಿದಿದ್ದೆ. ಮೀನೆಣ್ಣೆ ಕಾರ್ಖಾನೆಯ ಲಾರಿಗಳು ಸಾಲುಗಟ್ಟಿ ನಿಂತವು, ಅವರ ಗುಮಾಸ್ತ ಹಣ ಕೊಡುವಾಗ ವೋಚರಿಗೆ ಒಬ್ಬರ ಸಹಿ ಬೇಕೆಂದ, ಎಲ್ಲರೂ ನನ್ನನ್ನು ಮುಂದೆ ತಳ್ಳಿದರು. ಹೆಬ್ಬೆಟ್ಟು ಒತ್ತಿಸಿಕೊಂಡು ಯಾರೂ ನಮಗೆ ಮೋಸ ಮಾಡಬಾರದೆಂದು ಅಪ್ಪ ನನ್ನನ್ನು ಎಂಟನೆಯ ಕ್ಲಾಸಿನವರೆಗೆ ಓದಿಸಿದ್ದರಲ್ಲ, ಆ ಓದು ಅಂದು ಊರಿಗೆ ಉಪಯೋಗಕ್ಕೆ ಬಂತೆಂದು ನನಗೆ ಹೆಮ್ಮೆ. ಪ್ರತಿ ಸಲ ಸಹಿ ಹಾಕಿದೆ, ಪ್ರತಿ ಸಲ ಮರಳಿನ ಮೇಲೆ ಚಾಪೆ ಹಾಸಿ ಅರವತ್ತಾರು ಪಾಲು ಮಾಡಿ ಅವರವರ ಕೈಗೆ ಕೊಟ್ಟೆ. ಒಂದು ಚೂರು ಕಾಗದ ಬರೆಯಲಿಲ್ಲ. ಒಂದೇ ಹಗ್ಗ ಎಳೆದವರ ನಡುವೆ ಪಟ್ಟಿ ಇಟ್ಟುಕೊಳ್ಳುವುದು ಅವಮಾನವೆಂದು ನಮ್ಮ ಹಿರಿಯರಂತೆ ನಾನೂ ತಿಳಿದಿದ್ದೆ. ಆ ಇಡೀ ವರ್ಷ ನನಗೆ ಬಂದದ್ದು ಸಾವಿರದ ಏಳುನೂರು ರೂಪಾಯಿ. ನಿನಗೂ ಅಷ್ಟೇ.

ಕಾರ್ಖಾನೆಯ ಪುಸ್ತಕ ತೆರೆದು ನೋಡಿದ ಸರಕಾರಕ್ಕೆ ಕಂಡದ್ದು ಬೇರೆ. ಕಾಪುವಿನ ಕೂಸಪ್ಪ ಎಂಬವನು ಒಂದೇ ವರ್ಷದಲ್ಲಿ ಒಂದು ಲಕ್ಷದ ಹನ್ನೆರಡು ಸಾವಿರ ಸಂಪಾದಿಸಿದ್ದಾನೆ. ತೆರಿಗೆ ಐವತ್ತೆರಡು ಸಾವಿರದ ನಾಲ್ಕುನೂರು. ಉಡುಪಿಗೆ ಹೋಗಿ ಆಫೀಸರನ್ನು ಕಂಡೆ. ಘಟ್ಟದ ಮೇಲಿನ ಮನುಷ್ಯ, ಕೆಟ್ಟವರಲ್ಲ, ಕುಳಿತುಕೊಳ್ಳಲು ಹೇಳಿದರು. ರಂಪಣಿ ಎಂದರೆ ಒಬ್ಬನ ಬಲೆ ಅಲ್ಲ, ಊರೆಲ್ಲ ಸೇರಿ ಎರಡು ತುದಿಯ ಹಗ್ಗ ಹಿಡಿದು ದಡಕ್ಕೆ ಎಳೆಯುವುದು, ಕಡಲಿನಲ್ಲಿ ಹೋದವನ ಮನೆಗೂ ಒಂದು ವರ್ಷ ಅವನ ಪಾಲು ಕೊಡುವುದು ಎಂದು ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟು, "ಸತ್ತವರನ್ನ ಪಾಲುದಾರರು ಅಂತ ನಾನು ಹೆಂಗೆ ಬರಕೊಳ್ಳಲಿ ಯಜಮಾನರೇ?" ಎಂದರು. ವೋಚರ್ ತೋರಿಸಿ ಸಹಿ ನಿಮ್ಮದೇ ಏನು ಎಂದು ಕೇಳಿದಾಗ, ಸುಳ್ಳು ಹೇಳುವುದು ನಮ್ಮ ಮನೆಯಲ್ಲಿಲ್ಲ, ನನ್ನದೇ ಎಂದು ಬರೆದುಕೊಟ್ಟೆ. ಬೆಳ್ಮಣ್ಣಿನಲ್ಲಿ ಗದ್ದೆ ಇದ್ದವನ ಭತ್ತಕ್ಕೆ ಈ ತೆರಿಗೆ ಇಲ್ಲವಂತೆ, ಉತ್ತು ಬೆಳೆದದ್ದು ಬೇಸಾಯವಂತೆ. ನಾವು ಪ್ರಾಣ ಒತ್ತೆಯಿಟ್ಟು ಹಿಡಿದದ್ದು ವ್ಯಾಪಾರವಂತೆ. ಈ ಕಾನೂನು ಮಾಡಿದವರು ಒಮ್ಮೆಯಾದರೂ ಅಲೆಯಲ್ಲಿ ಸೊಂಟದವರೆಗೆ ನಿಂತಿದ್ದಾರೆಯೇ? ಬ್ರಿಟಿಷರ ಕಾಲದಲ್ಲಿ ಮೀನಿಗೆ ಹಾಕುವ ಸರಕಾರಿ ಉಪ್ಪನ್ನು ಒಂದು ಹಿಡಿ ಮನೆಗೆ ತಂದರೆಂದು ಅಪ್ಪನನ್ನು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡವನು. ಆಗ ನಮ್ಮದೇ ಸರಕಾರ ಬಂದರೆ ಹೀಗಾಗುವುದಿಲ್ಲ ಎಂದು ವಾಚನಾಲಯದಲ್ಲಿ ಓದಿ ಹೇಳುತ್ತಿದ್ದವನೂ ನಾನೇ.

ಒಮ್ಮೆಲೇ ಕೊಡಲಾಗದೆಂದು ಅರ್ಜಿ ಬರೆದೆ. ಆಫೀಸರು ಕಂತು ಮಾಡಿಕೊಟ್ಟರು, ತಿಂಗಳಿಗೆ ಎರಡು ಸಾವಿರದ ಇನ್ನೂರರಂತೆ ಎರಡು ವರ್ಷ, ಬಡ್ಡಿ ಬೇರೆ. ಒಂದು ತಿಂಗಳ ಕಂತು ನನ್ನ ಒಂದು ವರ್ಷದ ಪಾಲಿಗಿಂತ ದೊಡ್ಡದು. ಮೇ, ಜೂನ್‌ನಲ್ಲಿ ಎಲ್ಲರೂ ಪಾಲಿಗೆ ಮೂವತ್ತಮೂರು ರೂಪಾಯಿಯಂತೆ ತಂದುಕೊಟ್ಟರು. ಜುಲೈಯಲ್ಲಿ ಅರ್ಧ ಜನ, ಉಳಿದದ್ದನ್ನು ನಾನು ಸಾಲ ಮಾಡಿ ತುಂಬಿದೆ. ಆಗಸ್ಟಿನದಕ್ಕೆ ನಳಿನಾಕ್ಷಿ ಕರಿಮಣಿಯೊಂದನ್ನು ಬಿಟ್ಟು ಉಳಿದ ಚಿನ್ನವನ್ನು ತಾನಾಗಿಯೇ ತೆಗೆದುಕೊಟ್ಟಳು. ಸೆಪ್ಟೆಂಬರಿನಲ್ಲಿ ರಂಪಣಿ ಇಳಿದರೆ ಹೇಗಾದರೂ ಆದೀತೆಂದುಕೊಂಡೆ. ಇಳಿಯಿತು. ಆದರೆ ಮಲ್ಪೆಯ ಮಿಶಿನ್ ಬೋಟುಗಳು ಮೀನಿನ ಹಿಂಡನ್ನು ಹೊರಗೇ ಸುತ್ತು ಹಾಕಿ ಎತ್ತಿಕೊಂಡು ಹೋಗುತ್ತವೆ. ಐವತ್ತು ಜನ ಬೆಳಗಿನಿಂದ ಎಳೆದ ಬಲೆಯಲ್ಲಿ ಮೊನ್ನೆ ಸಿಕ್ಕಿದ್ದು ಎರಡು ಬುಟ್ಟಿ. ಎಳೆದವರು ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದರು. ಸೆಪ್ಟೆಂಬರ್ ಕಂತು ತಪ್ಪಿತು, ಅಕ್ಟೋಬರಿನದೂ ತಪ್ಪಿತು. ತಪ್ಪಿದರೆ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕೆಂಬುದು ನಿಯಮ. ನಲವತ್ತಮೂರು ಸಾವಿರದ ಆರುನೂರು, ಈ ತಿಂಗಳ ಮೂವತ್ತರೊಳಗೆ. ಇಲ್ಲವಾದರೆ ಮನೆ ಜಪ್ತಿ.

ಮನೆ ನನ್ನದಲ್ಲ, ನಮ್ಮ ಕಟ್ಟಿನಂತೆ ಅಮ್ಮನಿಂದ ಮಗಳಾದ ನಳಿನಾಕ್ಷಿಗೆ ಬಂದದ್ದು. ಆದರೆ ಪಂಚಾಯತಿನ ಮನೆತೆರಿಗೆ ರಶೀದಿ ಎಷ್ಟೋ ವರ್ಷದಿಂದ ನನ್ನ ಹೆಸರಿನಲ್ಲಿ ಉಂಟು, ಆ ಕಾಲಕ್ಕೆ ಮನೆಯಲ್ಲಿ ಓದಲು ಬರೆಯಲು ಬರುತ್ತಿದ್ದವನು ನಾನೊಬ್ಬನೆಂದು. ಕಳೆದ ಬುಧವಾರ ಟ್ಯಾಕ್ಸ್ ಆಫೀಸಿನವರೊಬ್ಬರು ಜೀಪಿನಲ್ಲಿ ಬಂದರು. ಹೆಂಚು, ಬಾಗಿಲು, ಬಾವಿ ನೋಡಿ ಏನೋ ಬರೆದುಕೊಂಡರು. ನಳಿನಾಕ್ಷಿ ಬೆಲ್ಲ, ನೀರು ತಂದು ಮುಂದಿಟ್ಟರೆ ಮುಟ್ಟಲಿಲ್ಲ. ಮುಟ್ಟದೆ ಹೋದವರನ್ನು ಈ ಜಗಲಿಯಲ್ಲಿ ನಾನು ಕಂಡದ್ದಿಲ್ಲ. ಅವರು ಕರೆಂಟಿನವರಾ ಎಂದು ಅವಳು ಕೇಳಿದಳು. ಹೌದು ಎಂದೆ.

ಉಳಿದಿರುವ ದಾರಿ ಒಂದೇ. ಪಾಲು ತೆಗೆದುಕೊಂಡವರೆಲ್ಲ, ನಮ್ಮ ಪಾಲು ನಮಗೆ ಸಂದಿದೆ ಎಂದು ಸಹಿ ಮಾಡಿದರೆ ಮೇಲಿನವರಿಗೆ ಬರೆಯುತ್ತೇನೆ, ಒಬ್ಬರೂ ಬಿಟ್ಟುಹೋಗಬಾರದು ಎಂದು ಆಫೀಸರು ಆಗಸ್ಟಿನಲ್ಲೇ ಹೇಳಿದ್ದರು, ಈಗಲೂ ಆ ಕಾಗದ ಬಂದರೆ ಜಪ್ತಿ ತಡೆಯುತ್ತಾರಂತೆ. ಹಾಗೆ ಹಂಚಿದರೆ ಯಾರಿಗೂ ತೆರಿಗೆ ಬೀಳುವುದಿಲ್ಲ. ಕಾಗದ ಹಿಡಿದು ಮೂರು ತಿಂಗಳಿನಿಂದ ಮನೆ ಮನೆ ಹತ್ತುತ್ತಿದ್ದೇನೆ. ಗಂಡನನ್ನು ಕಡಲಿಗೆ ಕೊಟ್ಟ ಅಮ್ಮಣ್ಣಿ ಮಾತ್ರ ನಾನು ಬಾಯಿ ತೆರೆಯುವ ಮೊದಲೇ, "ಅವರಿಲ್ಲದ ವರ್ಷ ಪಾಲು ತಂದುಕೊಟ್ಟದ್ದು ನೀವು. ಹೆಬ್ಬೆಟ್ಟು ಎಲ್ಲಿ ಒತ್ತಬೇಕು, ತೋರಿಸಿ" ಎಂದಳು. ಅವಳನ್ನೂ ಸೇರಿಸಿ ಆದದ್ದು ಹನ್ನೊಂದು. ಉಳಿದವರು ನನ್ನನ್ನು ದೂರದಿಂದ ಕಂಡರೆ ಒಳಗೆ ಹೋಗುತ್ತಾರೆ. ಒಂದು ಮನೆಯಲ್ಲಿ ಮಗು ಹೊರಗೆ ಬಂದು, ಅಪ್ಪ ಇಲ್ಲವೆಂದು ಹೇಳಲು ಅಪ್ಪ ಹೇಳಿದ್ದಾರೆ ಎಂದಿತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಚಳಿ ಬೀಳುವ ಹೊತ್ತು, ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗು. ಊಟ ತಪ್ಪಿಸಬೇಡ. ನಮ್ಮ ಕಡಲಿನ ದೈವ ಬೊಬ್ಬರ್ಯ ನಿನ್ನನ್ನು ಕಾಯಲಿ. ನಳಿನಾಕ್ಷಿಯೂ ಮಕ್ಕಳೂ ನಿನ್ನನ್ನು ಬಹಳ ಕೇಳಿದ್ದಾರೆ.

ಇತಿ ನಿನ್ನ ಅಣ್ಣ,
ಕೂಸಪ್ಪ

ತಾ.ಕ.: ಜನ ಯಾಕೆ ಸಹಿ ಹಾಕುವುದಿಲ್ಲ ಎಂಬುದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಮೀನು ಮಾರುವ ಸರಸ ದಾರಿಯಲ್ಲಿ ಬುಟ್ಟಿ ಇಳಿಸಿ ಹೇಳಿದಳು: "ಬೇಸರ ಮಾಡಬೇಡಿ ಕೂಸಪ್ಪಣ್ಣ. ಮೊದಲು ನಿಮ್ಮ ಕಿಟ್ಟನ ಸಹಿ ತೋರಿಸಿ. ತೆರಿಗೆ ತನ್ನ ತಲೆಗೆ ಬಂದೀತೆಂದು ಒಡಹುಟ್ಟಿದವನೇ ಹೆದರಿದ ಮೇಲೆ ನಮಗೆ ಎಂತ ಧೈರ್ಯ?" ಆಗಸ್ಟಿನಲ್ಲಿ ನಿನ್ನ ಸಹಿಗೆಂದು ನಾನು ರಿಜಿಸ್ಟರ್ ಮಾಡಿದ ಕಾಗದ ನಿನಗೆ ಸಿಕ್ಕಿದೆ, ಪಡೆದದ್ದಕ್ಕೆ ನೀನು ಸಹಿ ಹಾಕಿದ ಕಾರ್ಡು ಇಲ್ಲಿಗೆ ಬಂದಿದೆ. ಸಹಿಯಾದ ಕಾಗದ ಬರಲಿಲ್ಲ, ನೂರು ರೂಪಾಯಿಯ ಮನಿಯಾರ್ಡರ್ ಬಂತು. ಅದನ್ನು ನಾನು ವಾಪಸು ಮಾಡಿದ್ದೇನೆ. ನಿನ್ನ ಸಹಿ ಹಾಕಲು ನನಗೂ ಬರುತ್ತದೆ, ಸ್ಲೇಟಿನ ಮೇಲೆ ಕೈ ಹಿಡಿದು ಕಲಿಸಿದವನು ನಾನೇ. ಹಾಕುವುದಿಲ್ಲ. ಇನ್ನೊಂದು ಪ್ರತಿ ಇದರೊಳಗೆ ಇಟ್ಟಿದ್ದೇನೆ. ನಿನ್ನದು ಬಂದರೆ ಉಳಿದವರದು ಒಂದೇ ದಿನದಲ್ಲಿ ಆಗುತ್ತದೆ. ಇಪ್ಪತ್ತೆಂಟರವರೆಗೆ ಪೋಸ್ಟ್‌ಮ್ಯಾನಿಗೆ ಕಾಯುತ್ತೇನೆ. ಆಮೇಲೆ, ಮನೆ ಹೋಗುತ್ತದೆ ಎಂದು ನಳಿನಾಕ್ಷಿಗೆ ಹೇಳಲೇಬೇಕು. ಯಾಕೆ ಎಂದು ಅವಳು ಕೇಳದೆ ಬಿಡುವುದಿಲ್ಲ.