ಮೈಗೆ ಹಾಕದ ಬಟ್ಟೆಯ ವಾಸನೆ

ಮೇಲಿನ ಮನೆ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ, ಅಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ಕ್ರೇನಿನ ಆ ಗೂಡಿನಲ್ಲಿ ಇಡೀ ದಿನ ಮುದುರಿ ಕೂತರೆ ಬೆನ್ನು ಸುಮ್ಮನಿರುತ್ತದೆಯೇ? ಆಗಾಗ ಕೆಳಗಿಳಿದು ನಾಲ್ಕು ಹೆಜ್ಜೆ ಓಡಾಡು. ಬಂದರಿನ ಗಾಳಿ ಒಳ್ಳೆಯದಲ್ಲ, ಕಿವಿ ಮುಚ್ಚಿಕೋ. ಫೋನು ಮಾಡಿದರೆ ‘ಆಮೇಲೆ ಅಮ್ಮ, ಆಮೇಲೆ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಜೆ ಮುಗಿಸಿ ಇವತ್ತು ಹೊರಡುವ ನಿನ್ನ ಜೊತೆಗಾರನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಪೂರ್ತಿ ಓದು.

ಪುಟ್ಟಿಯ ಮುಂದಿನ ಹಲ್ಲು ಬಿದ್ದಿದೆ. ನಗು ಬಂದಾಗಲೆಲ್ಲ ಮದುಮಗಳ ಹಾಗೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಆದರೆ ಇತ್ತೀಚೆಗೆ ನಗುವುದೇ ಕಡಿಮೆ. ಶಾಲೆಯಿಂದ ಬಂದು ಹಿಂದಿನ ಕೋಣೆಯಲ್ಲಿ ಪುಸ್ತಕ ತೆರೆದರೆ ಸಾಕು, ತೂಕಡಿಸುತ್ತಾಳೆ; ಎಬ್ಬಿಸಿದರೆ ತಲೆನೋವು ಎಂದು ಅಳುತ್ತಾಳೆ. ನನಗೂ ತಲೆ ಭಾರ. ಕನ್ನಡಕದ ತೊಂದರೆ ಇರಬೇಕೆಂದು ಕಣ್ಣಿನ ಡಾಕ್ಟರ ಹತ್ತಿರ ಹೋದರೆ, ‘ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ ಅಜ್ಜಿ’ ಎಂದು ಕಳಿಸಿಬಿಟ್ಟರು. ಹಿಗ್ಗಿಕೊಂಡು ಮನೆಗೆ ಬಂದೆ. ಹಿಗ್ಗುವ ವಿಷಯ ಅದಾಗಿರಲಿಲ್ಲ.

ಕಳೆದ ಸಲ ರಜೆಗೆ ಬಂದಾಗ ನಿನ್ನ ಕಿತ್ತಳೆ ಬಣ್ಣದ ಜರ್ಸಿಯನ್ನು ಮೂಸಿ ನೋಡಿ ಎಷ್ಟು ರೇಗಾಡಿದೆ, ನೆನಪಿದೆಯೇ? ‘ಇದನ್ನ ಒಗೀತೀಯೋ ಇಲ್ಲ ಬರೀ ನೆನೆಸಿ ಎತ್ತಿಡ್ತೀಯೋ?’ ಎಂದು ಹೆಂಡತಿಯ ಮುಖಕ್ಕೇ ಎಸೆದೆ. ಅವಳು ಅದನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ನೀನು ಹೋದ ಮೇಲೆ ಹಟ ಹಿಡಿದಳು ನೋಡು. ಬೀದಿ ಕೊನೆಯ ಲಾಂಡ್ರಿಯವನನ್ನು ಕೇಳಿಕೊಂಡು ಬಂದಳು. ಈ ಪಾಲಿಯೆಸ್ಟರ್ ಅನ್ನುವುದು ಪ್ಲಾಸ್ಟಿಕ್ಕಿನ ನೂಲಂತೆ. ನೀರು ಕುಡಿಯುವುದಿಲ್ಲ, ಮೈಯ ಜಿಡ್ಡನ್ನು ಮಾತ್ರ ಕಚ್ಚಿ ಹಿಡಿಯುತ್ತದಂತೆ. ಘಮಘಮಿಸುವ ದ್ರಾವಣ ಹಾಕಿದರೆ ಅದರದೇ ಒಂದು ಪದರ ಮೇಲೆ ಕೂತು ವಾಸನೆ ಒಳಗೇ ಉಳಿಯುತ್ತದಂತೆ, ಬಿಸಿ ಇಸ್ತ್ರಿ ಇಟ್ಟರಂತೂ ಮುಗಿದೇ ಹೋಯಿತಂತೆ. ಅವನು ಹೇಳಿದ ಹಾಗೆ ಬಟ್ಟೆಯ ಒಳಮೈ ಹೊರಗೆ ಮಾಡಿ, ತಣ್ಣೀರಿಗೆ ವಿನೆಗರ್ ಬೆರೆಸಿ ನೆನೆಸಿದಳು. ಕಂಕುಳ ಭಾಗಕ್ಕೆ ಅಡುಗೆ ಸೋಡಾ ಕಲಸಿ ಹಚ್ಚಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿದಳು. ಅವಳ ಬೆರಳ ಸಂದಿಯ ಚರ್ಮ ಸುಲಿದು ಬಂತು. ಬಚ್ಚಲಲ್ಲಿ ಹಿಂಡುವಾಗ ಮೂಸಿದರೆ ಏನೂ ಇಲ್ಲ, ಅಂಗಡಿಯಿಂದ ತಂದ ಹಾಗೆ. ಹಿಂದಿನ ತಂತಿಯ ಮೇಲೆ ಒಣಗಿಸಿ ತಂದರೆ ಮತ್ತೆ ಅದೇ. ಕೊಳೆತ ಹಣ್ಣಿನಂಥ ಸಿಹಿ, ಜೊತೆಗೆ ಮೂಗಿನ ಒಳಗೆ ಚುಚ್ಚುವಂಥದ್ದು. ನನ್ನ ಹತ್ತಿ ಬಟ್ಟೆಗಳಲ್ಲಿ ಅಷ್ಟಾಗಿ ಇರಲಿಲ್ಲ, ಹಾಗಾಗಿ ನಾನೂ ಬೆವರೇ ಎಂದುಕೊಂಡೆ. ನಿನ್ನ ಅಪ್ಪನ ಬೆವರೂ ಸಾಮಾನ್ಯದ್ದಾಗಿರಲಿಲ್ಲ ಬಿಡು.

ಮೊನ್ನೆ ಪುಟ್ಟಿಗೆ ಶಾಲೆಯ ಆಟದ ಉಡುಪು ಹೊಸದು ಬಂತು. ಅದೂ ಪಾಲಿಯೆಸ್ಟರೇ. ಮಗುವಿಗೆ ಹಾಕುವ ಮೊದಲು ನಿನ್ನ ಹೆಂಡತಿ ಅದನ್ನು ಒಂದು ಸಲ ನೀರಿಗೆ ಹಾಕಿ ಅದೇ ತಂತಿಯ ಮೇಲೆ ಹರವಿದ್ದಳು. ಸಂಜೆ ತಂದು ಮಡಿಸುವಾಗ ಅವಳ ಕೈ ನಿಂತುಬಿಟ್ಟಿತು. ತಾನು ಮೂಸಿದಳು, ನನ್ನ ಮೂಗಿಗೂ ಹಿಡಿದಳು. ‘ಅತ್ತೆ, ಮೈಗೇ ಹಾಕದ ಬಟ್ಟೇಲಿ ಬೆವರು ಎಲ್ಲಿಂದ ಬಂತು?’ ಎಂದಳು. ಇಬ್ಬರೂ ಹಿಂದಿನ ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದೆವು. ನೀನು ಬಾಡಿಗೆಗೆ ಕೊಟ್ಟ ಕೆಳಮನೆಯ ಕಿಟಕಿಗೆ ದೊಡ್ಡ ಫ್ಯಾನು ಕೂರಿಸಿದ್ದಾರೆ; ಒಳಗಿನ ಗಾಳಿಯನ್ನೆಲ್ಲ ಅದು ಹೊರಕ್ಕೆ ಊದುತ್ತದೆ. ಪಕ್ಕದ ಕಟ್ಟಡದ ಗೋಡೆ ಎದುರಿಗೇ ಇರುವುದರಿಂದ ಆ ಗಾಳಿಗೆ ನಮ್ಮ ತಂತಿಯ ಕಡೆಗೆ ಏರದೆ ಬೇರೆ ದಾರಿಯಿಲ್ಲ. ಬಟ್ಟೆಗೆ ಹತ್ತಿದ್ದು ಮಗುವಿನ ಎದೆಗೆ ಇಳಿಯದೆ ಇರುತ್ತದೆಯೇ?

‘ಬರೀ ಚಪ್ಪಲಿ ತುಂಬಿಡೋ ಗೋದಾಮು ಅಮ್ಮ, ಸದ್ದೂ ಇರಲ್ಲ’ ಎಂದು ನೀನು ಹೇಳಿದ್ದೆ. ನಿನ್ನೆ ಇಳಿದು ಹೋಗಿ ನೋಡಿದೆವು. ಬಾಗಿಲ ಬಳಿ ಸ್ಟೂಲಿನ ಮೇಲೆ ಒಂದು ತಗಡಿನ ಡಬ್ಬ. ಅದರ ತುಂಬ ಬೆಂಕಿಪೊಟ್ಟಣ, ಲೈಟರು. ಕೆಲಸಕ್ಕೆ ಬರುವವರು ಒಳಗೆ ಕಾಲಿಡುವ ಮೊದಲು ಅಲ್ಲಿ ಹಾಕಬೇಕಂತೆ. ಒಳಗೆ ಹೆಂಗಸರು ಗಂಡಸರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂತು ಚಪ್ಪಲಿಯ ಅಟ್ಟೆಗಳಿಗೆ ಅಂಟು ಬಳಿಯುತ್ತಿದ್ದರು. ಗೋಡೆಯುದ್ದಕ್ಕೂ ಆ ಅಂಟಿನ ಡ್ರಮ್ಮುಗಳು, ಒಂದರ ಮೇಲೊಂದು, ಸೂರಿನವರೆಗೆ. ಅವುಗಳ ಮೈಮೇಲೆ ಬೆಂಕಿಯ ಚಿತ್ರ. ನಾನು ತಲೆಯೆತ್ತಿ ನೋಡಿದೆ. ಸರಿಯಾಗಿ ಆ ಸೂರಿನ ಮೇಲೆ ನಮ್ಮ ಅಡುಗೆಮನೆ. ಇವರು ಒಂದು ಕಡ್ಡಿಯನ್ನೂ ಒಳಗೆ ಬಿಡುವುದಿಲ್ಲ, ನಾವು ಇವರ ನೆತ್ತಿಯ ಮೇಲೆ ಹೊತ್ತುಹೊತ್ತಿಗೆ ಒಲೆ ಹಚ್ಚುತ್ತಿದ್ದೇವೆ.

ಬಾಡಿಗೆಯವನದು ಬೆಣ್ಣೆಯಂಥ ಮಾತು. ಕುರ್ಚಿ ತರಿಸಿ ಹಾಕಿದ. ‘ಹೆದರ್ಬೇಡಿ ಅಮ್ಮ. ನಿಮ್ಮ ಮಗನಿಗೆ ಶುರುವಲ್ಲೇ ಎಲ್ಲ ತೋರಿಸಿದೀನಿ. ಅಡುಗೆಮನೇನ ಮುಂದಿನ ಕೋಣೆಗೆ ಹಾಕಿಸ್ತೀನಿ, ಮನೇಲಿ ಮಾತ್ರ ಹೇಳ್ಬೇಡಿ, ಸುಮ್ನೆ ಗಾಬರಿಯಾಗ್ತಾರೆ ಅಂದಿದ್ರು. ಇನ್ನೂ ಹಾಕಿಸಿಲ್ವಾ?’ ಎಂದು ನನ್ನನ್ನೇ ಕೇಳಿದ. ಸೊಸೆಯ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಮೆಟ್ಟಿಲು ಹತ್ತುವಾಗ ಅವಳು ‘ಜರ್ಸಿ ಮುಖಕ್ಕೆ ಎಸೆದಾಗ ಅವರಿಗೆ ಗೊತ್ತಿತ್ತು ಅತ್ತೆ’ ಎಂದಳು, ಅಷ್ಟೇ. ಮೇಲೆ ಬಂದವಳೇ ಗ್ಯಾಸು ಬಂದ್ ಮಾಡಿ, ಹಿಂದಿನ ಕಿಟಕಿಗಳನ್ನೆಲ್ಲ ಮುಚ್ಚಿದಳು. ನಿನ್ನೆಯಿಂದ ಬ್ರೆಡ್ಡು, ಹಣ್ಣಿನಲ್ಲೇ ಕಾಲ ಹಾಕುತ್ತಿದ್ದೇವೆ.

ಹೆತ್ತವಳ ಮನಸ್ಸು ನೋಡು, ಈಗಲೂ ನಿನ್ನ ಪರವಾಗಿಯೇ ವಾದ ಮಾಡುತ್ತಿದೆ. ಈ ಸಲ ಬಂದಾಗ ಮಾಡಿಸೋಣ, ಮುಂದಿನ ಸಲ ಮಾಡಿಸೋಣ ಎಂದು ತಳ್ಳಿಕೊಂಡು ಬಂದಿರುತ್ತೀಯ ಎನ್ನುತ್ತದೆ. ನಿನ್ನ ‘ಆಮೇಲೆ’ ನನಗೆ ಹೊಸದೇ? ಆದರೆ ಹಾಗೆ ಅಂದುಕೊಂಡ ಮರುಕ್ಷಣವೇ ಹಿಂದಿನ ಕೋಣೆಯಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ ಪುಟ್ಟಿ ಕಣ್ಣಿಗೆ ಕಟ್ಟುತ್ತಾಳೆ. ನಿನ್ನೆ ಎಷ್ಟು ಸಲ ಫೋನು ಮಾಡಿದರೂ ನೀನು ಎತ್ತಲಿಲ್ಲ. ಇದನ್ನು ಓದಿದ ತಕ್ಷಣ ಆ ಬಾಡಿಗೆಯವನಿಗೆ ಹೇಳಿ ಡ್ರಮ್ಮುಗಳನ್ನು ತೆಗೆಸು. ಬಾಡಿಗೆ ಹೋದರೆ ಹೋಗಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಏಣಿ ಹತ್ತಿ ಇಳಿಯುವಾಗ ಹುಷಾರು. ಪುಟ್ಟಿ ಮುತ್ತು ಕಳಿಸಿದ್ದಾಳೆ. ನಿನ್ನ ಹೆಂಡತಿ ಏನೂ ಹೇಳಿಲ್ಲ. ಹೇಳಿದಳೆಂದು ನಾನು ಸುಳ್ಳು ಬರೆಯಲಾರೆ.

ಎಂದೆಂದೂ ನಿನ್ನ ಒಳಿತನ್ನೇ ಬಯಸುವ,
ಅಮ್ಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಕೆಳಗೆ ಲಾರಿ ಬಂದು ನಿಂತಿತು. ಖಾಲಿ ಮಾಡಲು ಬಂದಿದೆ ಎಂದು ಓಡಿ ಹೋಗಿ ನೋಡಿದೆ. ಅಲ್ಲ, ಇನ್ನಷ್ಟು ಡ್ರಮ್ಮು ಇಳಿಸುತ್ತಿದ್ದಾರೆ. ‘ಬೆಳಗ್ಗೆ ನಿಮ್ಮ ಮಗನ್ನ ಕೇಳೇ ತರಿಸಿದ್ದು’ ಎಂದ ಬಾಡಿಗೆಯವನು. ನಮ್ಮ ಫೋನು ಎತ್ತದವನು ಅವನದ್ದನ್ನು ಎತ್ತಿದ್ದೀಯ. ಸೊಸೆ ಪುಟ್ಟಿಯನ್ನು ಎತ್ತಿಕೊಂಡು ಆಗಲೇ ಬೀದಿಗೆ ಇಳಿದಿದ್ದಾಳೆ. ಅವಳ ಅಕ್ಕನ ಮನೆಗೆ ಹೊರಟಿದ್ದೇವೆ. ದಾರಿಯಲ್ಲೇ ಬೆಂಕಿ ಆರಿಸುವವರ ಕಚೇರಿ ಇದೆ, ಅಲ್ಲಿ ಹೇಳಿಯೇ ಮುಂದೆ ಹೋಗುವುದೆಂದು ಅವಳು ಪಟ್ಟು ಹಿಡಿದಿದ್ದಾಳೆ. ಕೆಳಗೆ ಅಷ್ಟು ಜನ ಕೂತಿದ್ದಾರಲ್ಲ, ಅವರ ಗತಿಯೇನು ಎನ್ನುತ್ತಾಳೆ. ನಾನು ಬೇಡ ಅನ್ನಲಿಲ್ಲ. ಮನೆ ಯಾರದು, ಗೊತ್ತಿದ್ದೂ ಬಾಡಿಗೆಗೆ ಕೊಟ್ಟವರು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ನಿನ್ನ ಹೆಸರು ಹೇಳುತ್ತೇನೆ ಮಗಾ.